ಹೇಳಿ ಹೋಗಿ ಅನ್ನೋ ಅಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಐವತ್ತನಾಲ್ಕು ಮೆಟ್ಟಿಲು ಹತ್ತಿ, ಮೂರನೇ ಮಹಡಿಯ ಒಂದು ಬಾಗಿಲ ಮುಂದೆ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾರೆ. ಕಳ್ಳಿ ಅಲ್ಲ. ಕಳ್ಳರಿಗೆ ಇಷ್ಟು ಭಯ ಇರಲ್ಲ. ಒಳಗೆ ಮಗು ಎದ್ದೀತು ಅಂತ ಕಾಲಿಂಗ್ ಬೆಲ್ ಒತ್ತಲ್ಲ, ಉಗುರಲ್ಲಿ ಎರಡು ಸಲ ಟಿಕ್ ಟಿಕ್ ಅನ್ನಿಸ್ತಾರೆ. ಬಾಗಿಲು ಬೆರಳಗಲ ತೆರೆಯುತ್ತೆ. ಒಳಗೆ ಹೋಗಿ, ಚಪ್ಪಲಿ ಸ್ಟ್ಯಾಂಡ್ ಪಕ್ಕದ ಸ್ಟೂಲಲ್ಲಿ ಕೂತು, ಎಡತೋಳಿಗೆ ಒಂದು ಹಳೇ ಉಣ್ಣೆ ಕಾಲುಚೀಲ ಏರಿಸ್ತಾರೆ. ಬೆರಳ ಕಡೆ ಕತ್ತರಿಸಿ, ಎರಡು ಪದರ ಮಾಡಿ ಹೊಲಿದದ್ದು. ಬಲಗೈಯಲ್ಲಿ ಮೊಂಡು ಪೆನ್ಸಿಲ್. ಪೆನ್ನು ಯಾಕಿಲ್ಲ ಅಂದ್ರೆ, "ಪೆನ್ನು ಒಂದ್ಸಲ ಕೆನ್ನೆಗೆ ಬಂದಿತ್ತು" ಅಂತಾರೆ, ಮನೆಗೆ ನೆಂಟರು ಬಂದಿದ್ರು ಅನ್ನೋ ಹಾಗೆ.

ಕಚ್ಚೋ, ತಲೆ ಚಚ್ಚಿಕೊಳ್ಳೋ, ಸಾಮಾನು ಎಸೆಯೋ ಮಕ್ಕಳಿರೋ ಮನೆಗೆ ಹೋಗಿ, ಮಗು ಯಾಕೆ ಹಾಗೆ ಮಾಡುತ್ತೆ ಅಂತ ಅಪ್ಪ ಅಮ್ಮನಿಗೆ ತೋರಿಸಿಕೊಡೋದು ಇವರ ಕೆಲಸ. ಗುರುತಿನ ಚೀಟಿಯಲ್ಲಿ ಮನೆಭೇಟಿ ಕಾರ್ಯಕರ್ತೆ ಅಂತಿದೆ. ಜನ ಕರೆಯೋದು ಕಚ್ಚಿಸ್ಕೊಳ್ಳೋ ಅಕ್ಕ ಅಂತ. ವಯಸ್ಸು ಐವತ್ತೆರಡು. ದಿನಕ್ಕೆ ಮೂರು ಮನೆ, ಹತ್ತೊಂಬತ್ತು ವರ್ಷದಲ್ಲಿ ನಾನೂರ ಚಿಲ್ಲರೆ ಮನೆ. ತೋಳಿನ ಮೇಲೆ ಹದಿನೇಳು ಮಕ್ಕಳ ಹಲ್ಲಿನ ಗುರುತು. ಯಾವ ಹಲ್ಲಿನ ಡಾಕ್ಟರ ಹತ್ತಿರಾನೂ ಇಷ್ಟು ವರ್ಷದ ದಾಖಲೆ ಇಷ್ಟು ಜೋಪಾನವಾಗಿ ಇರಲಿಕ್ಕಿಲ್ಲ.

ಮೊದಲ ವಾರ ಅಕ್ಕ ಬಾಯೇ ಬಿಡಲ್ಲ. ಸಲಹೆ ಇಲ್ಲ, ಸಮಾಧಾನ ಇಲ್ಲ. ನೋಟ್‌ಬುಕ್ಕಲ್ಲಿ ಗೆರೆ ಎಳೆದು ಮೂರು ಕಾಲಂ: ಮೊದಲು, ಆಗ, ಆಮೇಲೆ. ಕಿರುಚಾಟಕ್ಕೆ ಮೊದಲು ಏನಾಯ್ತು, ಆಗ ಮಗು ಏನು ಮಾಡ್ತು, ಆಮೇಲೆ ಮನೆಯವರು ಏನು ಮಾಡಿದ್ರು. ಅಷ್ಟೇ. ತಮಾಷೆ ಅಂದ್ರೆ ಮಗುವನ್ನ ನೋಡೋದೇ ಕಮ್ಮಿ. "ಮಗು ಎಲ್ಲಿಗೆ ಹೋಗುತ್ತೆ? ಅಲ್ಲೇ ಕಿರುಚ್ತಾ ಇರುತ್ತೆ. ನೋಡಬೇಕಾದ್ದು ದೊಡ್ಡೋರನ್ನ. ಅವರೇ ನುಣುಚಿಕೊಳ್ಳೋದು."

ಈ ಮೂರನೇ ಮಹಡಿ ಮನೆಯಲ್ಲಿ ನಾಲ್ಕು ಜನ. ಸಿಟಿ ಬಸ್ ಓಡಿಸೋ ಅಪ್ಪ, ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯೋ ಅಮ್ಮ, ಅಪ್ಪನ ಅಮ್ಮ, ಒಂಬತ್ತು ವರ್ಷದ ಪುಟ್ಟಿ. ಪುಟ್ಟಿಗೆ ಮಾತು ಬರಲ್ಲ, ಗಡಿಯಾರ ನೋಡೋಕೆ ಬರುತ್ತೆ. ಪ್ರತಿದಿನ ಏಳಕ್ಕೆ ಹತ್ತು ನಿಮಿಷ ಇರುವಾಗ ಶುರುವಾಗುತ್ತೆ. ಗೋಡೆಗೆ ತಲೆ, ಅಮ್ಮನ ಕೈಗೆ ಹಲ್ಲು, ಮತ್ತೆ ಆ ಕೂಗು. ಕೆಳಗಿನ ಕಟಿಂಗ್ ಶಾಪಿನವನ ಕತ್ತರಿ ಆ ಕೂಗಿಗೆ ಗಾಳಿಯಲ್ಲೇ ನಿಂತುಬಿಡುತ್ತಂತೆ. ಒಬ್ಬ ಮದುಮಗ ಅರ್ಧ ಮೀಸೆಯಲ್ಲೇ ಎದ್ದು ಓಡಿದ, ಫೋಟೋದಲ್ಲೆಲ್ಲ ಒಂದೇ ಕಡೆ ತಿರುಗಿ ನಿಂತಿದ್ದಾನೆ ಅಂತ ಆ ಬೀದಿಯವರು ಆಣೆ ಮಾಡಿ ಹೇಳ್ತಾರೆ. ಮನೆ ಮಾಲೀಕ ಮಾತ್ರ ನಗಲಿಲ್ಲ. ತಿಂಗಳ ಕೊನೆಗೆ ಗಲಾಟೆ ನಿಲ್ಲಬೇಕು, ಇಲ್ಲಾ ಮನೆ ಖಾಲಿ ಮಾಡಬೇಕು ಅಂದ. ಅಪ್ಪ ದೂರದ ಊರಿನ ಒಂದು ವಸತಿ ಶಾಲೆಗೆ ಫೋನ್ ಮಾಡಿದ. ಶನಿವಾರ ವ್ಯಾನ್ ಬರುತ್ತೆ. ಪುಟ್ಟಿಯ ಬ್ಯಾಗು ಮಂಚದ ಕೆಳಗೆ ರೆಡಿ ಇದೆ.

ಇವತ್ತು ಗುರುವಾರ.

ಅಕ್ಕನಿಗೆ ಕಾರಣ ಸಿಕ್ಕಿದ್ದು ಹನ್ನೊಂದನೇ ಬೆಳಿಗ್ಗೆ, ಮಂಗಳವಾರ. ಹನ್ನೊಂದೂ ದಿನ "ಮೊದಲು" ಅನ್ನೋ ಕಡೆ ಒಂದೇ ಮಾತು ಬರೆದಿದ್ರು: ಅಮ್ಮ ಜಡೆ ಕಟ್ಟಿದರು. ಅಮ್ಮನ ಕೈ ತನ್ನ ತಲೆಗೆ ಹೋದ ಮೂರು ನಿಮಿಷಕ್ಕೆ ಪುಟ್ಟಿ ಗೋಡೆಗೆ ಹೋಗುತ್ತೆ. ಜಡೆ ಅಂದ್ರೆ ಅಮ್ಮ ಕೆಲಸಕ್ಕೆ ಹೊರಟಳು ಅಂತ. ಹೇಳಿ ಹೋದ್ರೆ ಮಗು ಅಳುತ್ತೆ ಅಂತ ಅಮ್ಮ ಮೂರು ವರ್ಷದಿಂದ ಹೇಳದೆ ಹೋಗ್ತಾ ಇದ್ದಾರೆ. ಅಜ್ಜಿ ಮಗುವನ್ನ ಕಿಟಕಿ ಹತ್ತಿರ ಕರ್ಕೊಂಡು ಹೋಗಿ ಕಾಗೆ ತೋರಿಸೋದು, ಅಮ್ಮ ಹಿಂದಿನಿಂದ ಜಾರಿಕೊಳ್ಳೋದು. ಪುಟ್ಟಿ ತಿರುಗಿ ನೋಡಿದ್ರೆ ಅಮ್ಮ ಮಾಯ. ನಡುವೆ ಸ್ವಲ್ಪ ದಿನ ಅಮ್ಮ ಬಾತ್‌ರೂಮಲ್ಲಿ ಕದ್ದು ಜಡೆ ಕಟ್ಟಿಯೂ ನೋಡಿದ್ರು, ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ. ಅಮ್ಮ ಬಾತ್‌ರೂಮಿಗೆ ಹೋದ್ರೂ ಮಗು ಕಿರುಚೋದು ಆಗಿನಿಂದ.

"ಹಾಗಾದ್ರೆ ಇಷ್ಟು ದಿನ ಕಚ್ಚಿದ್ದು ಹೋಗಬೇಡ ಅಂತಲಾ?" ಅಂತ ಅಮ್ಮ ಕೇಳಿದ್ರಂತೆ.

"ಅಲ್ಲಮ್ಮ. ಹೋಗ್ತೀನಿ ಅಂತ ಹೇಳು ಅಂತ."

ಆ ಅಮ್ಮ ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ರು.

ಔಷಧಿ ಎರಡೇ ಪದ: ಹೇಳಿ ಹೋಗಿ. ಒಂದು ರಟ್ಟಿನ ಮೇಲೆ ಅಮ್ಮನ ಫೋಟೋ, ಪಕ್ಕದಲ್ಲಿ ಐದು ಗಂಟೆ ತೋರಿಸೋ ಗಡಿಯಾರದ ಚಿತ್ರ. ಮಗುವಿನ ಎದುರಿಗೇ ಜಡೆ ಕಟ್ಟಿ, ರಟ್ಟು ತೋರಿಸಿ, ಅಮ್ಮ ಹೋಗ್ತಾಳೆ, ಐದಕ್ಕೆ ಬರ್ತಾಳೆ ಅಂತ ಹೇಳಿ, ಮುಂಬಾಗಿಲಿಂದ ಹೋಗಬೇಕು. ಐದಕ್ಕೆ ಬರಲೇಬೇಕು. ಔಷಧಿಯ ಕಹಿ ಏನಂದ್ರೆ ಮೊದಮೊದಲು ಕಿರುಚಾಟ ಜಾಸ್ತಿಯಾಗುತ್ತೆ. ಇಷ್ಟು ದಿನ ಇಪ್ಪತ್ತೊಂದು ನಿಮಿಷ ಇದ್ದದ್ದು ಬುಧವಾರ ನಲವತ್ತೊಂದು ಆಯ್ತು. ಈ ಗುರುವಾರ, ಅಕ್ಕನ ಗಡಿಯಾರದಲ್ಲಿ, ಐವತ್ತೆರಡು. ಕೆಳಗಿನ ಮನೆಯವರು ಚಾವಣಿಗೆ ಕುಟ್ತಾರೆ.

"ನಿಮ್ಮ ಮದ್ದು ರೋಗಕ್ಕಾ, ರೋಗಿಗಾ?" ಅಂತ ಅಪ್ಪ ಕೇಳ್ತಾನೆ, ಬಸ್ಸಿನ ಯೂನಿಫಾರ್ಮಿನ ಗುಂಡಿ ತಪ್ಪು ತೂತಿಗೆ ಹಾಕ್ತಾ.

"ಮೂರು ವಾರ ಕೊಡಪ್ಪ."

"ಮಾಲೀಕನ ಹತ್ತಿರ ಮೂರು ದಿನ ಕೇಳಿ ನೋಡಿ."

ಅಜ್ಜಿ ಮೂಲೆಯಿಂದ, "ಇವಳು ಬಂದು ಎರಡು ವಾರ ಗೋಡೆಗೊರಗಿ ಕೂತಳು. ಆ ಕೆಲಸ ನಾನು ಎಪ್ಪತ್ತು ವರ್ಷದಿಂದ ಪುಗಸಟ್ಟೆ ಮಾಡ್ತಿದ್ದೀನಿ" ಅಂತಾರೆ. ಅಕ್ಕ ನಗ್ತಾರೆ. ಇವರು ನಗೋದು ಅಜ್ಜಿಯರ ಮಾತಿಗೆ ಮಾತ್ರ.

ಹೇಳದೆ ಹೋಗೋದರ ಬಗ್ಗೆ ಅಕ್ಕನಿಗೆ ಯಾರೂ ಪಾಠ ಮಾಡಿಲ್ಲ. ಇವರಿಗೂ ಒಬ್ಬ ಮಗ, ಈಗ ಇಪ್ಪತ್ತೇಳು. ಆರು ವರ್ಷದವನಿದ್ದಾಗ ರೈಲು ತೋರಿಸ್ತೀನಿ ಅಂತ ಕರ್ಕೊಂಡು ಹೋಗಿ ಒಂದು ಆಶ್ರಯದ ಮನೆಯಲ್ಲಿ ಬಿಟ್ಟು ಬಂದರು. "ಆಗ ನನಗೂ ಯಾರೂ ಹೇಳಲಿಲ್ಲ. ಈಗ ತಿಂಗಳಿಗೊಂದು ಸಲ ಹೋಗ್ತೀನಿ. ಬಿಸ್ಕೆಟ್ ತಿಂತಾನೆ. ನಾನು ಎದ್ದು ನಿಲ್ಲೋಕೆ ಮುಂಚೆನೇ ಗೋಡೆ ಕಡೆ ತಿರುಗಿ ಕೂತುಬಿಡ್ತಾನೆ. ನಾನು ಹೋಗೋದನ್ನ ನೋಡಬಾರದಲ್ಲ, ಅದಕ್ಕೆ." ಇಷ್ಟು ಹೇಳಿ ಪೆನ್ಸಿಲ್ ಚೂಪು ಮಾಡೋಕೆ ಶುರು ಮಾಡ್ತಾರೆ. ಮೊಂಡಾಗೇ ಇರಬೇಕಾದ ಪೆನ್ಸಿಲ್ ಅದು.

ಶುಕ್ರವಾರ ನಲವತ್ನಾಲ್ಕು ನಿಮಿಷ. ಅಕ್ಕನ ಮುಖ ಅರಳುತ್ತೆ: "ಎಂಟು ನಿಮಿಷ ಇಳೀತು ನೋಡಿ! ಇಳಿಯೋಕೆ ಶುರುವಾದ್ರೆ ಇಳಿಯುತ್ತೆ." ಅಪ್ಪನಿಗೆ ಕೇಳಿಸಿದ್ದು ನಲವತ್ನಾಲ್ಕು ಮಾತ್ರ. ಅವನ ತಪ್ಪೂ ಅಲ್ಲ. ಮೆಟ್ಟಿಲಲ್ಲಿ ಮಾಲೀಕ ಇನ್ನೊಬ್ಬರಿಗೆ ಮನೆ ತೋರಿಸೋಕೆ ಬಂದು ನಿಂತಿದ್ದ.

ಶನಿವಾರ ವ್ಯಾನ್ ಸರಿಯಾಗಿ ಎಂಟಕ್ಕೆ ಬರುತ್ತೆ. ಡ್ರೈವರ್ ಹಾರ್ನ್ ಹೊಡೆಯಲ್ಲ, ಅವನಿಗೆ ಅಭ್ಯಾಸ ಇದೆ. ಮೊದಲ ದಿನ ಮನೆಯವರು ಜೊತೆಗೆ ಬರೋ ಹಾಗಿಲ್ಲ ಅಂತಾನೆ. ಅಪ್ಪ ಪಿಸುಗುಡ್ತಾನೆ: "ಐಸ್‌ಕ್ರೀಂ ಕೊಡಿಸ್ತಾರೆ ಅಂತ ಹೇಳಿ ಹತ್ತಿಸಿಬಿಡೋಣ."

ಅಕ್ಕ ಬಾಗಿಲಿಗೆ ಅಡ್ಡ ನಿಲ್ತಾರೆ. "ಕಳಿಸೋದು ನಿಮ್ಮ ಕಷ್ಟ. ಬೇಡ ಅಂದೆ, ಸೋತೆ. ಸುಳ್ಳು ಹೇಳಿ ಮಾತ್ರ ಕಳಿಸಬೇಡಿ. ಕೈ ಮುಗಿದು ಕೇಳ್ತೀನಿ."

"ಹೇಳಿದ್ರೆ ಅದು ಬೀದಿಯಲ್ಲಿ ರಂಪ ಮಾಡುತ್ತೆ!"

"ಮಾಡಲಿ ಬಿಡೋ," ಅಂತಾರೆ ಅಜ್ಜಿ. "ಒಂದಿನ ಹೇಳದೆ ಹೋಗಿಬಿಡೋದಕ್ಕೆ ಈ ಮನೆಯಲ್ಲಿ ವಯಸ್ಸಾದ ನಾನೊಬ್ಬಳು ಇದ್ದೀನಿ, ಸಾಕು. ಹೇಳೇ ಹುಡುಗಿ."

ಅಮ್ಮ ವ್ಯಾನಿನ ಬಾಗಿಲ ಹತ್ತಿರ ಮಂಡಿ ಊರಿ ಕೂತು, ಮಗಳ ಎದುರಿಗೇ ಜಡೆ ಬಿಚ್ಚಿ ಮತ್ತೆ ಕಟ್ತಾರೆ. ಅಕ್ಕ ರಾತ್ರಿ ಮಾಡಿದ ಹೊಸ ರಟ್ಟು ಕೈಯಲ್ಲಿದೆ: ನಾಳೆಯಿಂದ ದಿನಕ್ಕೊಂದು ಗೀಟು ಹಾಕೋಕೆ ಏಳು ಖಾಲಿ ಮನೆ, ಎಂಟನೇದರಲ್ಲಿ ಅಮ್ಮನ ಫೋಟೋ, ಹತ್ತು ಗಂಟೆಯ ಗಡಿಯಾರ. "ಪುಟ್ಟಿ, ನೀನು ಹೋಗ್ತೀಯ. ಅಮ್ಮ ಬರಲ್ಲ. ಇಷ್ಟೂ ಮನೆಗೆ ಗೀಟು ಹಾಕಿ ಮುಗಿದ ಮೇಲೆ, ಆಚೆ ಭಾನುವಾರ ಹತ್ತಕ್ಕೆ ಅಮ್ಮ ಬರ್ತಾಳೆ." ಪುಟ್ಟಿ ರಟ್ಟು ನೋಡುತ್ತೆ, ಜಡೆ ನೋಡುತ್ತೆ, ಅಮ್ಮನ ಕೈ ಕಚ್ಚುತ್ತೆ. ಅಮ್ಮ ಕೈ ಎಳ್ಕೊಳ್ಳಲ್ಲ. ಅದು ತಾನಾಗಿ ಬಿಡೋವರೆಗೆ ಕಾಯ್ತಾರೆ. ವ್ಯಾನ್ ತಿರುವು ದಾಟಿದ ಮೇಲೂ ಕೂಗು ಕೇಳ್ತಾ ಇರುತ್ತೆ. ಅಪ್ಪ ಇವತ್ತು ಬಸ್ ತೆಗೆಯಲ್ಲ, ಗೋಡೆಗೆ ಮುಖ ಮಾಡಿ ನಿಂತಿದ್ದಾನೆ.

ಅಕ್ಕ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ ತುಂಬಿಸ್ತಾರೆ. ಮೊದಲು: ಅಮ್ಮ ಹೇಳಿದರು. ಆಗ: ಕಚ್ಚಿತು. ಆಮೇಲೆ ಅನ್ನೋದನ್ನ ಖಾಲಿ ಬಿಡ್ತಾರೆ. ಒಂಬತ್ತಕ್ಕೆ ಇನ್ನೊಂದು ಮನೆ ಇದೆ, ಅಲ್ಲೊಬ್ಬ ಐದು ವರ್ಷದವನು ಲೋಟ ಎಸೀತಾನೆ.

ನಿಮಗೆ ಏನಾಸೆ ಅಕ್ಕ ಅಂದ್ರೆ, ಎದ್ದು ಸೀರೆ ಕೊಡವಿಕೊಂಡು ಹೇಳ್ತಾರೆ:

"ಆ ಶಾಲೆಗೆ ಬಸ್ಸಲ್ಲಿ ಮೂರು ಗಂಟೆ. ಮೊದಲನೇ ಬಸ್ಸಿಗೇ ಹೋಗಿ ಅಂತ ಪುಟ್ಟಿ ಅಮ್ಮನಿಗೆ ಹೇಳಿದ್ದೀನಿ. ಒಂಬತ್ತಕ್ಕೆ ತಲುಪಿದ್ರೆ ಗೇಟಿನ ಹೊರಗೇ ಕೂತಿರಿ, ಮಗು ಕಣ್ಣಿಗೆ ಬೀಳಬೇಡಿ. ಹತ್ತಕ್ಕೆ ಒಳಗೆ ಹೋಗಿ. ಹತ್ತು ಅಂದಿದ್ದೀವಿ, ಹತ್ತೇ."