ಕತ್ತರಿಗೆ ಸಿಕ್ಕ ಕಾಲೊರಸು

1973ರ ಜನವರಿ ಒಂದರಂದು ಬ್ರಿಟನ್ ಯುರೋಪಿನ ಮುಕ್ತ ವ್ಯಾಪಾರ ಕೂಟವನ್ನು ಬಿಟ್ಟು ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿತು. ಹಳೆಯ ಕೂಟದ ಜೊತೆಗಾರರಾದ ಸ್ವೀಡನ್, ಸ್ವಿಟ್ಜರ್ಲೆಂಡ್‌ಗಳಿಗೆ ಸುಂಕ ಇಳಿಸುವ ಒಪ್ಪಂದ ಅದೇ ದಿನ ಜಾರಿಗೆ ಬಂತು. ಹಲವು ಸರಕುಗಳನ್ನು ಸುಂಕವಿಲ್ಲದೆ ಬ್ರಿಟನ್ನಿಗೆ ಕಳುಹಿಸುತ್ತಿದ್ದ, ಇನ್ನು ಸಮುದಾಯದ ಸುಂಕ ತೆರಬೇಕಾಗಬಹುದಾಗಿದ್ದ ಭಾರತಕ್ಕೆ ಸಿಕ್ಕಿದ್ದು, ಸಮಸ್ಯೆಗಳನ್ನು ಮುಂದೆ ಪರಿಶೀಲಿಸಲಾಗುವುದು ಎಂಬ ಘೋಷಣೆ.

ಆಗ ನಾನು ಮ್ಯಾನ್‌ಹಟನ್ನಿನ ಒಂದು ವಾಣಿಜ್ಯ ಪತ್ರಿಕೆಯ ವರದಿಗಾರ. ಮನೆ ನ್ಯೂಯಾರ್ಕಿನ ಹೊರಗೆ, ವುಡ್‌ಬ್ರಿಡ್ಜ್‌ನಲ್ಲಿ. ಎದುರು ಮನೆಯಲ್ಲಿ ಉಡುಪಿ ಕಡೆಯ ನರ್ಸ್ ಒಬ್ಬರಿದ್ದರು. ನನಗಿಂತ ಹಿರಿಯರು, ಅಕ್ಕ ಎನ್ನುತ್ತಿದ್ದೆ. ಅವರ ಅಣ್ಣ ಊರಿನಲ್ಲಿ ಎಂಟು ಮಗ್ಗ ಹಾಕಿ ತೆಂಗಿನ ನಾರಿನ ಕಾಲೊರಸು ನೇಯಿಸುತ್ತಿದ್ದರು. ಅಷ್ಟೂ ಲಂಡನ್ನಿನ ಒಬ್ಬನೇ ವ್ಯಾಪಾರಿಗೆ ಹೋಗುತ್ತಿತ್ತು. ಆ ವ್ಯಾಪಾರಿ ಪತ್ರ ಬರೆದಿದ್ದ: ಮುಂದೆ ಸುಂಕ ಬೀಳಬಹುದು, ಈಗಲೇ ಬೆಲೆ ಇಳಿಸಿ ಸಹಿ ಹಾಕಿದರೆ ಮೂರು ವರ್ಷದ ಕರಾರು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

"ಅವ ಸುಮ್ಮನೆ ಹೆದರಿಸುದಾ, ನಿಜ ಉಂಟಾ?" ಎಂದು ಅಕ್ಕ ಕೇಳಿದರು. "ನಿಮ್ಮ ಪೇಪರ್‌ನಲ್ಲಿ ಬಂದ್ರೆ ಹೇಳಿ ಮಾರಾಯ್ರೆ. ಅಣ್ಣ ಬಾಯಿಮಾತು ನಂಬುದಿಲ್ಲ, ಅವನಿಗೆ ಅಚ್ಚಾದದ್ದೇ ಬೇಕು."

ವಿಚಾರಿಸಿದೆ. ನಿಜವೇ ಇತ್ತು. ನಾರಿನ ಸರಕಿಗೆ ವಿನಾಯಿತಿ ವರ್ಷದ ಕೊನೆಯವರೆಗೆ ಮಾತ್ರ, ಆಮೇಲಿನದಕ್ಕೆ ಯಾರೂ ಮಾತು ಕೊಟ್ಟಿರಲಿಲ್ಲ. ವರದಿ ಬರೆದೆ. ಗುರುವಾರದ ಪತ್ರಿಕೆ ನೋಡಿ ಎಂದು ಅಕ್ಕನಿಗೆ ಹೇಳಿ ವಾಷಿಂಗ್ಟನ್ನಿಗೆ ಹೋದೆ.

ನಮ್ಮ ಕೆಲಸದ ನಿಯಮ ಸರಳ. ತೂಕದ ಸುದ್ದಿ ಮೇಲೆ, ಹಗುರದ್ದು ಕೆಳಗೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿ. ಸ್ವೀಡನ್ನಿನ ಕಾಗದದ ಸುದ್ದಿಯನ್ನು ಮೇಲೆ ಇಟ್ಟೆ, ಸ್ವಿಸ್ ಗಡಿಯಾರವನ್ನು ನಡುವೆ. ಕಾಲೊರಸನ್ನು ಕೊನೆಯ ಪ್ಯಾರಾದಲ್ಲಿ ಇಟ್ಟವನು ನಾನೇ. ಬುಧವಾರ ಒಂದು ಜಾಹೀರಾತು ಬಂತು. ಪುಟದ ಸಂಪಾದಕ ಆ ಪ್ಯಾರಾ ತೆಗೆದ.

"ಕಾಲೊರಸು ತಾನೇ? ಬಾಗಿಲ ಹೊರಗೇ ಬಿಟ್ಟೆ," ಎಂದು ಎರಡು ವಾರದ ನಂತರ ನಾನು ಕಚೇರಿಗೆ ಮರಳಿದಾಗ ನಕ್ಕ.

ಅಂದು ಸಂಜೆ ಮನೆಗೆ ಬಂದಾಗ ಅಕ್ಕ ಸಂತೋಷದಲ್ಲಿದ್ದರು. "ಅಕ್ಷರ ಅಕ್ಷರ ಓದಿದೆ. ಕಾಲೊರಸಿನ ಹೆಸರೇ ಇಲ್ಲ! ಅವನದ್ದು ಬರೀ ಬೊಗಳೆ. ಕಟಿಂಗ್ ಏರ್‌ಮೇಲ್ ಮಾಡಿದೆ, ಸಹಿ ಹಾಕ್ಬೇಡ ಅಂತ ಅಣ್ಣನಿಗೆ ಬರೆದೆ."

"ಇತ್ತು ಅಕ್ಕ. ಜಾಗ ಇಲ್ಲ ಅಂತ ಕತ್ತರಿಸಿದರು."

"ಸ್ವೀಡನ್ನಿನ ಕಾಗದಕ್ಕೆ ಜಾಗ ಇತ್ತಲ್ಲ?"

ಕಾಗದದ ಕಾರ್ಖಾನೆಗಳ ಪರವಾಗಿ ಮೇಜಿನ ಮುಂದೆ ಕೂತು ಮಾತಾಡಲು ಮಂತ್ರಿಗಳೇ ಇದ್ದರು. ಎಂಟು ಮಗ್ಗಗಳಿಗೆ ಸಮುದಾಯದ ಮಾತುಕತೆ ನಡೆಯುವ ಬ್ರಸೆಲ್ಸ್‌ನಲ್ಲಿ ಒಂದು ಕುರ್ಚಿಯೂ ಇರಲಿಲ್ಲ, ನ್ಯೂಯಾರ್ಕಿನಲ್ಲಿ ನಾಲ್ಕು ಸಾಲೂ ಇರಲಿಲ್ಲ. ಆ ನಾಲ್ಕು ಸಾಲು ಹಗುರ ಎಂದು ತೂಗಿದ ಬೇರೆ ಯಾರೂ ಒಂದು ಮಗ್ಗವನ್ನೂ ನೋಡಿದವರಲ್ಲ. ನಾನು ಊರಿನಲ್ಲಿ ನೋಡಿದ್ದೆ, ನಾನೂ ಹಾಗೇ ತೂಗಿದ್ದೆ.

ಅಂದೇ ಇಬ್ಬರೂ ಹೋಗಿ ಅಣ್ಣನಿಗೆ ತಂತಿ ಕೊಟ್ಟೆವು: ಸಹಿ ಹಾಕಿ. ಅಷ್ಟರಲ್ಲಿ ಕಟಿಂಗ್ ತಲುಪಿತ್ತು. ಅವರು ಲಂಡನ್ನಿಗೆ ಒಲ್ಲೆನೆಂದು ಬರೆದಾಗಿತ್ತು, ವ್ಯಾಪಾರಿ ಬೇರೆ ಕಡೆ ಕರಾರು ಮಾಡಿಕೊಂಡ.

ನಾನು ವುಡ್‌ಬ್ರಿಡ್ಜ್ ಬಿಡುವ ಮುಂಚೆ ಅಕ್ಕನಿಗೆ ಬಂದ ಪತ್ರದ ಪ್ರಕಾರ, ಎಂಟು ಮಗ್ಗಗಳಲ್ಲಿ ಎರಡು ನಡೆಯುತ್ತಿದ್ದವು.