ಏಣಿ ಬೇಡವೆಂದ ಮೊಣಕಾಲು

ಕಟ್ಟಡ ಕಟ್ಟುವ ದೊಡ್ಡ ಕ್ರೇನಿನ ಗೂಡಿನಲ್ಲಿ ಹದಿನಾರು ವರ್ಷ ಕೂತವನನ್ನು ಕೆಳಗಿನವರು ಹದ್ದಣ್ಣ ಎನ್ನುತ್ತಿದ್ದರು. ಬೆಳಿಗ್ಗೆ ಬುತ್ತಿ ಹೆಗಲಿಗೇರಿಸಿ ಏಣಿ ಹತ್ತಿದರೆ ಇಳಿಯುವುದು ಸಂಜೆಗೇ. ಹಾಗಾಗಿ ಅವನ ಕುಂಟು ಒಂದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಾನೆ, ಎಲ್ಲರೂ ಹೋದಮೇಲೆ ಹೋಗುತ್ತಾನೆ, ಎಂಥ ನಿಯತ್ತು ಎಂದು ಎಂಜಿನಿಯರ್ ಸಾಹೇಬರು ಹೊಗಳಿದ್ದೇ ಹೊಗಳಿದ್ದು. ಪಾಪ, ಅವರಿಗೇನು ಗೊತ್ತು!

ಡಾಕ್ಟರಮ್ಮನ ಹತ್ತಿರ ಅವನು ಹೋಗಿಲ್ಲವೆಂದಲ್ಲ. ಮೊಣಕಾಲಿನ ಮೂಳೆಗಳ ನಡುವಿನ ಮೆತ್ತನೆಯ ಕಾರ್ಟಿಲೇಜು ಹರಿದಿದೆ, ಅದು ತಾನಾಗಿ ಕೂಡಿಕೊಳ್ಳುವುದು ಕಷ್ಟ ಎಂದಿದ್ದರು ಆಕೆ. ವ್ಯಾಯಾಮದಿಂದ ತೊಡೆಗೆ ಬಲ ತಂದುಕೊಳ್ಳಬಹುದು. ಇಂಜೆಕ್ಷನ್ ಕೊಟ್ಟರೆ ನೋವು ತಗ್ಗುತ್ತದೆ, ಹರಿದದ್ದು ಹರಿದ ಹಾಗೇ ಇರುತ್ತದೆ. ಹರಿದ ಚೂರು ಕೀಲಿನಲ್ಲಿ ಅಡ್ಡ ಸಿಕ್ಕಿ ಕಾಲು ಹಿಡಿದುಕೊಂಡರೆ ಸಣ್ಣ ತೂತಿನ ಆಪರೇಷನ್, ಆಮೇಲೆ ಊರುಗೋಲು, ತಿಂಗಳುಗಟ್ಟಲೆ ವ್ಯಾಯಾಮ. ದಾರಿ ಮೂರಿದ್ದರೂ ಮೂರರಲ್ಲೂ ಏಣಿ ಬೇಡ. ಏಣಿ ಬಿಟ್ಟರೆ ಅವನಿಗೆ ಇನ್ನೇನು ಬರುತ್ತದೆ? ಅತ್ತ ದರಿ, ಇತ್ತ ಪುಲಿ. ಹೆಂಡತಿಗೆ ಬರೀ ಉಳುಕು ಎಂದು ಸುಳ್ಳು ಹೇಳಿ ಮುಲಾಮು ತಿಕ್ಕಿಸಿಕೊಂಡ.

ಆ ಮಧ್ಯಾಹ್ನ ಸೀಟಿನಲ್ಲಿ ತುಸು ತಿರುಗಿದ್ದೇ ತಡ, ಮಡಿಚಿದ ಮೊಣಕಾಲು ಮಡಿಚಿದಂತೆಯೇ ಹಿಡಿದುಕೊಂಡಿತು. ಕೊಕ್ಕೆಯಲ್ಲಿ ಕಬ್ಬಿಣದ ಸರಳಿನ ಕಟ್ಟು ತೂಗುತ್ತಿತ್ತು. ಹಲ್ಲು ಕಚ್ಚಿ ಅದನ್ನು ಹೂವಿನಂತೆ ಕೆಳಗಿಟ್ಟ. ಆಮೇಲೆ ಕಾಲನ್ನು ಎಳೆದ, ನೀವಿದ, ಬೈದ. ಜಪ್ಪಯ್ಯ ಅಂದರೂ ಅದು ನೆಟ್ಟಗಾಗಲಿಲ್ಲ. ಗೂಡಿನ ಬಾಗಿಲಾಚೆ ಏಣಿಯ ಮೊದಲ ಮೆಟ್ಟಿಲು ಕಾಣುತ್ತಿತ್ತು.

ಕೆಳಗೆ ನಿಂತು ಸನ್ನೆ ಕೊಡುವವನು ಹೆಂಡತಿಯ ತಮ್ಮನೇ. ಕೊಕ್ಕೆ ಮೇಲೇಳದ್ದು ಕಂಡು ಹತ್ತಿ ಬಂದ. ಭಾವನ ಕಾಲು ನೋಡಿ ಅವನ ಮುಖ ಸಪ್ಪಗಾಯಿತು.

“ಕ್ರೇನು ಕೆಟ್ಟಿದೆ ಅಂದ್ಬಿಡಿ ಭಾವ. ಸಂಜೆ ಎಲ್ಲಾ ಹೋದ್ಮೇಲೆ ನಾನೇ ನಿಧಾನಕ್ಕೆ ಇಳಿಸ್ತೀನಿ. ಯಾರಿಗೂ ಗೊತ್ತಾಗಲ್ಲ.”

ಹದ್ದಣ್ಣನಿಗೆ ಆಸೆಯಾಯಿತು. ಆಸೆಯಾದದ್ದಕ್ಕೆ ನಾಚಿಕೆಯೂ ಆಯಿತು. ನಾಳೆ ಸರಳು ಗಾಳಿಯಲ್ಲಿರುವಾಗ ಕಾಲು ಹೀಗೇ ಹಿಡಿದರೆ, ಅದರ ಕೆಳಗೆ ನಿಂತಿರುವವನು ಇವನೇ ಅಲ್ಲವೇ?

ವಾಕಿಟಾಕಿ ಕೈಗೆತ್ತಿಕೊಂಡ. ಅದರಲ್ಲಿ ಆಡಿದ ಮಾತು ಇಡೀ ಕಟ್ಟಡಕ್ಕೆ ಕೇಳುತ್ತದೆ.

“ಸರ್, ನನ್ನ ಮೊಣಕಾಲು ಕೆಟ್ಟು ಒಂದು ವರ್ಷ ಆಯ್ತು. ನಿಮ್ಗೆ ಹೇಳಿರ್ಲಿಲ್ಲ. ಈಗ ಇಳಿಯೋಕಾಗ್ತಿಲ್ಲ. ಇಳಿದ್ರೆ ಮತ್ತೆ ಹತ್ತೋಕೂ ಆಗಲ್ಲ.”

ಸಾಹೇಬರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇಳಿಸಲು ಜನ ಬರುತ್ತಾರೆ, ಅಷ್ಟರಲ್ಲಿ ಕ್ರೇನಿನ ಕೀಲಿ ಮೈದುನನ ಕೈಗೆ ಕೊಡು ಎಂದರು.