ಸಹನಾಳ ಕಂಪ್ಯೂಟರಿನಲ್ಲಿ ಕಂಡ ಮುಖ

ಸತ್ತವರು ತಿರುಗಿ ಕಾಣಿಸುತ್ತಾರೆ ಎನ್ನುವ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಮ್ಮೂರು ಹೂಲಿಯಲ್ಲಿ ಹಳೆಯ ಗುಡಿಗಳು ಬಹಳ. ಹೊತ್ತು ಮುಳುಗಿದ ಮೇಲೆ ಆ ಕಡೆ ಹೋಗಬೇಡ, ಅಲ್ಲಿ ಅದು ಕಂಡಿತು, ಇದು ಕಂಡಿತು ಎನ್ನುವವರು ಇನ್ನೂ ಬಹಳ. ನಾನು ಅದೇ ಗುಡಿಗಳ ಹಿಂದಿನ ನಮ್ಮ ಹೊಲದಿಂದ ಕತ್ತಲಲ್ಲಿ ಮೇವಿನ ಹೊರೆ ಹೊತ್ತುಕೊಂಡು ಬಂದವಳು. ಒಂದು ದಿನವೂ ಏನೂ ಕಾಣಲಿಲ್ಲ. ಕಾಣುವುದಿದ್ದರೆ ಮೊದಲು ನನಗೇ ಕಾಣಬೇಕಿತ್ತು. ನನ್ನ ಮಗಳನ್ನು ಮಣ್ಣು ಮಾಡಿದ್ದು ಆ ಹೊಲದ ಬದುವಿನಲ್ಲೇ.

ನಾಲ್ಕನೆಯ ಇಯತ್ತೆ ಕಲಿತವಳು ನಾನು, ಬರೆದು ರೂಢಿಯಿಲ್ಲ. ಆದರೂ ಅಂದಿನ ಸಂತೋಷ ಇಂದಿಗೂ ಎದೆಯಲ್ಲಿ ಹಿಡಿಸದಷ್ಟಿದೆ, ಬರೆಯದೆ ಇರಲಾರೆ. ಓದಿದವರು ಮುದುಕಿಗೆ ಅರಳುಮರಳು ಎಂದರೆ ಅನ್ನಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಗಳ ಹೆಸರು ನೀಲವ್ವ. ಐದು ವರ್ಷ ತುಂಬಿತ್ತು. ಜ್ವರ ಬಂತು, ಇಳಿಯಲೇ ಇಲ್ಲ. ಅವಳ ತಮ್ಮ, ಅಂದರೆ ನನ್ನ ಮಗ, ಆಗ ಇನ್ನೂ ಎದೆಹಾಲು ಕುಡಿಯುತ್ತಿದ್ದ. ನೀಲವ್ವನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಮುಖ ಬಂದು ನಿಲ್ಲುತ್ತಿತ್ತು. ಬರಬರುತ್ತ ಅದು ಅಳಿಸಿತು. ಕಾಲ್ಗೆಜ್ಜೆಯ ಸಪ್ಪಳ ನೆನಪಿದೆ, ಎಣ್ಣೆ ಹಚ್ಚಿದ ತಲೆಯ ವಾಸನೆ ನೆನಪಿದೆ, ಮುಖ ಮಾತ್ರ ಇಲ್ಲ. ಹೆತ್ತವಳಿಗೆ ಮಗಳ ಮುಖ ನೆನಪಿಲ್ಲ ಎಂದರೆ ಯಾರ ಮುಂದೆ ಹೇಳಿಕೊಳ್ಳಬೇಕು? ನಮ್ಮ ಯಜಮಾನರು ಇದ್ದಾಗ ಅವರ ಮುಂದೆಯೂ ಹೇಳಲಿಲ್ಲ. ಅವರೂ ಹೋದರು. ಅವಳನ್ನು ಕಂಡವರು ನನ್ನ ಬಿಟ್ಟರೆ ನಮ್ಮ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಸಹನಾ ನನ್ನ ಮಗನ ಮಗಳು. ಈಗ ನಾವೆಲ್ಲ ಇರುವುದು ಬೈಲಹೊಂಗಲದಲ್ಲಿ, ಅಲ್ಲಿನ ಪೇಟೆಯ ಒಂದು ಓಣಿಯಲ್ಲಿ ಅವಳ ಅಂಗಡಿ. ಟ್ರಂಕಿನ ತಳದಲ್ಲಿ ಬೂಷ್ಟು ಹಿಡಿದು ಬಿದ್ದ ಹಳೆಯ ಲಗ್ನದ ಕ್ಯಾಸೆಟ್ಟುಗಳನ್ನು ಜನ ತಂದುಕೊಡುತ್ತಾರೆ. ಇವಳು ಅದನ್ನು ಸ್ವಚ್ಛ ಮಾಡಿ, ಕಂಪ್ಯೂಟರಿಗೆ ಹಾಕಿ, ಮಸುಕಾದ ಮುಖಗಳನ್ನು ತಿಳಿಯಾಗಿಸಿ ಮೊಬೈಲಿನಲ್ಲಿ ನೋಡುವ ಹಾಗೆ ಮಾಡಿಕೊಡುತ್ತಾಳೆ. ಕಿತ್ತೂರು, ರಾಮದುರ್ಗದ ಕಡೆಯಿಂದಲೂ ಬರುತ್ತಾರೆ. ಸುರೇಬಾನದ ಒಬ್ಬ ಹೆಣ್ಣುಮಗಳು, ತೀರಿಹೋದ ತನ್ನ ಅಪ್ಪ ಪಂಕ್ತಿಯಲ್ಲಿ ಓಡಾಡಿ ಹೋಳಿಗೆ ಬಡಿಸುವುದನ್ನು ನೋಡಿ, ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥ ಮೊಮ್ಮಗಳು ನನಗೆ! ಹೇಳಲು ಕೂತರೆ ಕಾಗದ ಸಾಲುವುದಿಲ್ಲ. ದಿನಾ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೋಗಿ ಅವಳು ಉಣ್ಣುವವರೆಗೆ ಅಲ್ಲೇ ಕೂಡುವುದು ನನ್ನ ಕೆಲಸ.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆ. ಕ್ಯಾಸೆಟ್ಟುಗಳು ರಾಶಿ ಬಿದ್ದಿದ್ದವು, ಕಂಪ್ಯೂಟರ್ ಮಾತ್ರ ಮುದಿ ಎತ್ತಿನ ಹಾಗೆ ಎಳೆಯುತ್ತಿತ್ತು. ಇರುವುದರ ವೇಗವನ್ನೇ ಏರಿಸುತ್ತೇನೆ ಎಂದಳು ಸಹನಾ. ಅದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರಂತೆ. ಒಳಗೆ ಪ್ರೊಸೆಸರ್ ಅಂತ ಒಂದು ಬಿಲ್ಲೆ ಇರುತ್ತದೆ, ಲೆಕ್ಕವೆಲ್ಲ ಅದೇ ಮಾಡುವುದು. ಅದನ್ನು ಮಾಡಿದವರು ಗೊತ್ತುಪಡಿಸಿದ ವೇಗಕ್ಕಿಂತ ಜಾಸ್ತಿ ಓಡಿಸುವುದು.

"ಒಲಿ ಉರಿ ಏರಿಸಿದಂಗಾತಲ್ಲ ಹಂಗಾರ? ರೊಟ್ಟಿ ಲಗೂನ ಆಗ್ತಾವು, ಲಗೂನ ಹೊತ್ತತಾವು" ಎಂದೆ.

"ಅದಕ್ಕ ಆಯಿ, ದೊಡ್ಡ ಫ್ಯಾನ್ ತರಿಸಿ ಕುಂಡ್ರಿಸೇನಿ. ಒಮ್ಮಿಗೇ ಏರಸಂಗಿಲ್ಲ. ಒಂದ ಮೆಟ್ಟಲಾ ಏರಸೂದು, ಮೈಮುರದ ದುಡಿಸೂದು, ಬಿಸಿ ನೋಡೂದು. ತಡಕೊಂಡ್ರ ಮುಂದಿನ ಮೆಟ್ಟಲಾ. ಮುಗ್ಗರಿಸಿತಂದ್ರ ಸುಮ್ಮ ಹಿಂದಕ್ಕ ಬರೂದು. ನಿನ್ನಂಗ ಉರಿ ಹಚ್ಚಿ ಓಣ್ಯಾಗ ಮಾತಾಡ್ಕೋತ ನಿಲ್ಲಂಗಿಲ್ಲ."

ಪರೀಕ್ಷೆಯನ್ನು ನಡುಮಧ್ಯಾಹ್ನವೇ ಮಾಡುತ್ತಿದ್ದಳು. ಬಿಸಿಲು ಏರಿದಾಗ ತಡೆದರೆ ಯಾವಾಗಲಾದರೂ ತಡೆಯುತ್ತದೆ ಎಂಬುದು ಅವಳ ಲೆಕ್ಕ. ಗಿರಾಕಿಗಳ ಕ್ಯಾಸೆಟ್ಟಿನ ಮೇಲೆ ಪರೀಕ್ಷೆ ಮಾಡುವುದಿಲ್ಲ, ಕೆಟ್ಟರೆ ಏನು ಉತ್ತರ ಕೊಡುವುದು? ಅದಕ್ಕೆ ಅವಳ ಅಪ್ಪ-ಅವ್ವನ ಲಗ್ನದ ಕ್ಯಾಸೆಟ್ಟಿನ ಒಂದು ಸಣ್ಣ ತುಂಡು ಇಟ್ಟುಕೊಂಡಿದ್ದಳು. ಅಕ್ಕಿಕಾಳು ಹಾಕುವ ಹೊತ್ತು. ವೇಗ ಏರಿಸಿದಾಗಲೆಲ್ಲ ಅದೇ ತುಂಡನ್ನು ತಿಳಿ ಮಾಡಿಸುವುದು, ಮೊದಲಿನ ಹಾಗೇ ಬರುತ್ತದೋ ಇಲ್ಲವೋ ನೋಡುವುದು. ಆ ತುಂಡಿನಲ್ಲಿ ನಾನೂ ಇದ್ದೆ. ಬಲಗೈಯಲ್ಲಿ ಅಕ್ಕಿಕಾಳು ಹಿಡಿದು ಚಪ್ಪರದ ಕಂಬದ ಹತ್ತಿರ ನಿಂತಿದ್ದೇನೆ. ಎಲ್ಲರೂ ಮದುಮಕ್ಕಳನ್ನು ನೋಡುತ್ತಿರುವಾಗ ನಾನೊಬ್ಬಳು ಎಡಕ್ಕೆ ಬಗ್ಗಿ ಕೆಳಗೆ ನೋಡುತ್ತೇನೆ. ಅಲ್ಲಿ ಬರೀ ಖಾಲಿ ಜಾಗ.

"ಮಗನ ಲಗ್ನದಾಗ ಏನ ಹುಡುಕಾಕತ್ತಿದ್ದಿ ಆಯಿ? ಚಪ್ಲಿ ಯಾರರೆ ಹೊಡದ್ರನು?" ಎಂದು ಸಹನಾ ನಗುತ್ತಿದ್ದಳು. ಏಕೆ ನೋಡಿದೆನೋ ನನಗೆ ನೆನಪಿರಲಿಲ್ಲ.

ಆ ದಿನ ನಾನು ಹೋದಾಗ ಮೂರೋ ನಾಲ್ಕೋ ಮೆಟ್ಟಿಲು ಏರಿಸಿಯಾಗಿತ್ತು. ಬಿಸಿಲಿಗೆ ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಕಂಪ್ಯೂಟರ್ ಡಬ್ಬಿಯ ಫ್ಯಾನು ಹುಯ್ಯೆಂದು ಕೂಗುತ್ತಿತ್ತು. ನಾನು ಬುತ್ತಿ ಬಿಚ್ಚುತ್ತಿದ್ದೆ, ಬೆನ್ನು ಕಂಪ್ಯೂಟರಿನ ಕಡೆ ಇತ್ತು. ಆಗ ಸಹನಾ ಹಿಂದಿನಿಂದ ಕೇಳಿದಳು:

"ಆಯಿ, ನಿನ್ನ ಬಾಜೂಕ ಯಾವ ಹುಡುಗಿ ಇದು? ಮೊದಲ ಇರಲಿಲ್ಲಲಾ. ಕಿವ್ಯಾಗ ಕಡ್ಡಿ ಯಾಕ ಸಿಗಸ್ಕೊಂಡೈತಿ?"

ನನ್ನ ಕೈ ನಿಂತಿತು. ಓದುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನೀಲವ್ವನಿಗೆ ಕಿವಿ ಚುಚ್ಚಿಸಿದಾಗ ಎಡಗಿವಿ ಕೀವು ಕಟ್ಟಿತ್ತು. ರಿಂಗು ತೆಗೆದು, ತೂತು ಮುಚ್ಚಬಾರದೆಂದು ಬೇವಿನ ಕಡ್ಡಿ ಏರಿಸಿದ್ದೆ. ಕಿವಿ ಮಾಯಲಿ, ಎರಡೂ ರಿಂಗು ಹಾಕಿ ಸವದತ್ತಿಗೆ ಹೋಗಿ ಫೋಟೋ ತೆಗೆಸೋಣ ಎನ್ನುತ್ತಿದ್ದರು ಯಜಮಾನರು. ಅಷ್ಟರಲ್ಲಿ ಜ್ವರ ಬಂತು. ಆ ಕಡ್ಡಿಯ ಸಮೇತವೇ ಅವಳನ್ನು ಮಣ್ಣಿಗೆ ಕೊಟ್ಟೆವು. ಈ ಮಾತನ್ನು ನಾನು ಸಹನಾಳಿಗೆ ಹೇಳಿಲ್ಲ, ಅವಳ ಅಪ್ಪನಿಗೂ ಹೇಳಿಲ್ಲ.

ಎದ್ದು ತಿರುಗುವಷ್ಟರಲ್ಲಿ ಚಿತ್ರ ನಡುಗಿತು. ಕಂಬದ ಹತ್ತಿರ ನನ್ನ ಎಡಗೈ ಹಿಡಿದ ಒಂದು ಪುಟ್ಟ ಕೈ ಮಾತ್ರ ಕಂಡಿತು. ಕಂಪ್ಯೂಟರ್ ಟಪ್ಪನೆ ಆರಿಹೋಯಿತು.

ಸಹನಾ ಗಾಬರಿಯಾಗಲಿಲ್ಲ. ಈ ಮೆಟ್ಟಿಲು ತಡೆಯಲಿಲ್ಲ ಎಂದಳು, ಒಂದು ಮೆಟ್ಟಿಲು ಇಳಿಸಿ ಅದೇ ತುಂಡನ್ನು ಮತ್ತೆ ಓಡಿಸಿದಳು. ಮದುಮಕ್ಕಳು ಬಂದರು, ನಾನು ಬಂದೆ, ಎಡಕ್ಕೆ ಬಗ್ಗಿ ನೋಡಿದೆ. ಖಾಲಿ ಜಾಗ. ಅವಳಿಗೆ ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿತು.

"ಬಿಸಿ ಜಾಸ್ತಿ ಆದ್ರ ಲೆಕ್ಕಾ ತಪ್ಪತೈತಿ ಆಯಿ. ಮಸುಕ ಇದ್ದಲ್ಲೆ ಈ ಸಾಫ್ಟ್‌ವೇರ್ ತಾನ ಅಂದಾಜ ಮಾಡಿ ತುಂಬತೈತಿ. ಅಂದಾಜ ತಪ್ಪಿ ಏನರ ಒಂದು ಬಂದಿರಬೇಕ."

"ಕಡ್ಡಿನೂ ಅಂದಾಜನ?" ಎಂದೆ.

ಇನ್ನೊಮ್ಮೆ ಏರಿಸು ಎಂದು ನಾನು ಅಂಗಲಾಚಿದೆ. ಪ್ರೊಸೆಸರ್ ಸುಟ್ಟರೆ ಅವಳ ಅಂಗಡಿಯೇ ಮುಚ್ಚಿದ ಹಾಗೆ, ಅದು ನನಗೆ ಗೊತ್ತಿತ್ತು. ಆದರೂ ಬೇಡಿದೆ. ಅವಳು ನನ್ನ ಮುಖ ನೋಡಿದಳು, ಏರಿಸಿದಳು.

ಬಂದಳು. ಮೊದಲು ಕೈ, ಆಮೇಲೆ ಲಂಗದ ಅಂಚು, ಆಮೇಲೆ ತಲೆ ಎತ್ತಿ ನಮ್ಮ ಕಡೆ ತಿರುಗಿದಳು. ಒಂದು ಕಿವಿಯಲ್ಲಿ ರಿಂಗು, ಒಂದರಲ್ಲಿ ಕಡ್ಡಿ. ಸಹನಾ ಚಿತ್ರವನ್ನು ನಿಲ್ಲಿಸಿ ದೊಡ್ಡದು ಮಾಡಿದಳು. ಹುಬ್ಬು ಯಜಮಾನರದು. ಕೆಳತುಟಿ ತುಸು ಮುಂದೆ, ನನ್ನ ಅವ್ವನ ಹಾಗೆ. ಅಯ್ಯೋ, ಈ ಮುಖವನ್ನು ನಾನು ಹೇಗೆ ಮರೆತಿದ್ದೆ! ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯದು. ಸಹನಾ ಗಡಿಬಿಡಿಯಲ್ಲಿ ಮೊಬೈಲಿನಿಂದ ಆ ಪರದೆಯ ಫೋಟೋ ಹೊಡೆದಳು. ಡಬ್ಬಿಯ ಮೇಲೆ ಕೈ ಇಟ್ಟೆ, ಕೆಂಡದಂತೆ ಸುಡುತ್ತಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ.

ಚಿತ್ರವನ್ನು ಮತ್ತೆ ಸಣ್ಣದು ಮಾಡಿದಾಗಲೇ ಸಹನಾ "ಯವ್ವಾ" ಎಂದು ಚೀರಿದ್ದು. ಅವಳು ತೋರಿಸಿದ ಕಡೆ ನೋಡಿದೆ. ಬಾಸಿಂಗ ಕಟ್ಟಿಕೊಂಡು ನಿಂತ ಮದುಮಗಳಿಗೆ, ಎಂದರೆ ಸಹನಾಳ ಅವ್ವನಿಗೆ, ಮುಖವಿರಲಿಲ್ಲ. ಕಣ್ಣು, ಮೂಗು, ಬಾಯಿ ಏನೂ ಇಲ್ಲದೆ ನಾದಿದ ಹಿಟ್ಟಿನ ಉಂಡೆಯ ಹಾಗೆ ನುಣ್ಣಗೆ ಇತ್ತು. ಪಕ್ಕದಲ್ಲಿ ನಿಂತ ನನ್ನ ಮಗನ ಮುಖವೂ ನಿಲ್ಲಿಸಿಟ್ಟ ಚಿತ್ರದಲ್ಲೇ ನಮ್ಮ ಕಣ್ಣೆದುರು ಕರಗತೊಡಗಿತ್ತು. ನೀಲವ್ವ ಮಾತ್ರ ಇನ್ನೂ ತಿಳಿಯಾಗುತ್ತಿದ್ದಳು. ಕಂಪ್ಯೂಟರ್ ಮತ್ತೆ ಆರಿತು.

ಅಂಗಡಿಯಲ್ಲಿ ಸುಟ್ಟ ವಾಸನೆ. ಸಹನಾ ನನ್ನ ಕೈ ಹಿಡಿದು, "ಇನ್ನೊಂಚೂರ ವೋಲ್ಟೇಜ್ ಕೊಟ್ರ ಆ ಮೆಟ್ಟಲಾದಾಗ ನಿಲ್ಲಬಹುದು ಆಯಿ. ಸುಟ್ರ ಸುಡ್ಲಿ. ನಿನ್ನ ಮಗಳನ್ನ ಉಳಿಸಿ ಕೊಡತೇನಿ" ಎಂದಳು. ಇಪ್ಪತ್ತೈದು ದಾಟದ ಹುಡುಗಿಯ ಮಾತು ಇದು! ಅವಳನ್ನು ಎದೆಗೆ ಒತ್ತಿಕೊಂಡೆ. ಬಾಯಿತುದಿಗೆ ಹೂಂ ಬಂದಿತ್ತು. ಮೇಜಿನ ಮೇಲೆ ಸಾಲಾಗಿ ಇಟ್ಟ ಕ್ಯಾಸೆಟ್ಟುಗಳು ಕಣ್ಣಿಗೆ ಬಿದ್ದವು. ದೇಗಾಂವದ ಯಾರದೋ ಅಣ್ಣ, ರಾಮದುರ್ಗದ ಯಾರದೋ ತಾಯಿ.

"ಬ್ಯಾಡವ್ವಾ. ಮಂದಿ ಅಪ್ಪ ಅವ್ವ ಅದಾರ ಇದರಾಗ. ನಿಮ್ಮವ್ವನೂ ಅದಾಳ. ಇಳಸು. ಎಲ್ಲಿ ತಣ್ಣಗ ನಿಲ್ಲತೈತೋ ಅಲ್ಲೀ ತನಕ ಇಳಸು" ಎಂದೆ.

ಇಳಿಸಿದಳು. ನಿಧಾನವಾಗಿ, ಒಂದೊಂದೇ ಮೆಟ್ಟಿಲು, ಪ್ರತಿಯೊಂದರಲ್ಲೂ ಪರೀಕ್ಷೆ ಮಾಡುತ್ತ. ಹೊತ್ತು ಇಳಿಯುವ ವೇಳೆಗೆ ಒಂದು ಕಡೆ ಗಟ್ಟಿಯಾಗಿ ನಿಂತಿತು. ಸೊಸೆಯ ಮುಖ ಬಂತು, ಮಗನ ಮುಖ ಬಂತು. ನಾನು ಎಡಕ್ಕೆ ಬಗ್ಗಿ ಖಾಲಿ ನೆಲವನ್ನು ನೋಡುತ್ತಿದ್ದೆ. ಮೊಬೈಲಿನಲ್ಲಿ ಹೊಡೆದ ಫೋಟೋದಲ್ಲಿ ಪರದೆಯ ಗೆರೆಗಳು, ಬಾಗಿಲ ಬೆಳಕು, ನಡುವೆ ಒಂದು ಮಸುಕಾದ ಕಲೆ, ಅಷ್ಟೇ. ಕೆಲಸ ಮುಗಿಯುವ ಮೊದಲೇ ಆರಿದ್ದರಿಂದ ಕಂಪ್ಯೂಟರಿನಲ್ಲೂ ಏನೂ ಉಳಿದಿರಲಿಲ್ಲ. ಆ ಮೆಟ್ಟಿಲಿಗೆ ಸಹನಾ ಮತ್ತೆ ಏರಿಸಿಲ್ಲ, ನಾನೂ ಕೇಳಿಲ್ಲ.

ತಿಳಿದವರನ್ನು ಅವಳು ಕೇಳಿ ನೋಡಿದ್ದಾಳೆ. ಬಿಸಿಗೆ ಲೆಕ್ಕ ತಪ್ಪಿದರೆ ಇಲ್ಲದ ಮುಖ ಬರುವುದೂ ಉಂಟು, ಇದ್ದದ್ದು ಹೋಗುವುದೂ ಉಂಟು ಎನ್ನುತ್ತಾರೆ. ಇರಬಹುದು. ಕಡ್ಡಿ ಹೇಗೆ ಬಂತು ಎಂದು ಕೇಳಿದರೆ ಮಾತ್ರ ಮಾತು ಹೊರಳಿಸುತ್ತಾರೆ. ಒಂದೊಂದು ದಿನ ನನಗೇ ಸಂಶಯ ಬರುತ್ತದೆ. ನಾನು ಮರೆತ ಮುಖ ಅದೇ ಆಗಿತ್ತು ಎಂದು ಸಾಕ್ಷಿ ಹೇಳುವವರು ಯಾರು? ಈಗ ಕಣ್ಣು ಮುಚ್ಚಿದರೆ ಬಂದು ನಿಲ್ಲುವುದು ನನ್ನ ನೀಲವ್ವನೋ, ಯಂತ್ರವೊಂದು ತಪ್ಪಿ ಬರೆದ ಯಾವುದೋ ಮಗುವೋ, ನನಗೆ ತಿಳಿಯದು. ಆದರೆ ಕಣ್ಣು ಮುಚ್ಚಿದಾಗಲೆಲ್ಲ ಬರುತ್ತಾಳೆ.